ಅವಳ ಮಾತು ನನ್ನ ಬಾಯಲ್ಲಿ

ನನಗೆ ಒಡಿಯಾ ಬರುತ್ತದೆ ಎಂಬುದು ಹುಬ್ಬಳ್ಳಿಯಲ್ಲಿ ಯಾರಿಗೂ ಬೇಕಾಗದ ಸಂಗತಿಯಾಗಿತ್ತು. ಅಪ್ಪ ಕಲಘಟಗಿ ಕಡೆಯ ಹಳ್ಳಿಯವರು. ಯಾರದೋ ಶಿಫಾರಸಿನಿಂದ ಒಡಿಶಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅಷ್ಟು ದೂರ ಹೋದರು. ನಾನು ಅಲ್ಲೇ ಹುಟ್ಟಿದೆ, ಅಲ್ಲೇ ಮೆಟ್ರಿಕ್ ಮುಗಿಸಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದಳು. ಬಂದ ಹೊಸದರಲ್ಲಿ ಕಾಲೇಜಿನ ಹುಡುಗಿಯರು ಆ ಭಾಷೆಯಲ್ಲಿ ಏನಾದರೂ ಹೇಳು ಎನ್ನುತ್ತಿದ್ದರು. ಹೇಳಿದರೆ ನಗುತ್ತಿದ್ದರು. ಆಮೇಲೆ ಅವರೂ ಕೇಳುವುದನ್ನು ಬಿಟ್ಟರು.

ಮನೆಯಲ್ಲಿ ನಾನೂ ಅವ್ವನೂ ಕನ್ನಡವನ್ನೇ ಆಡುತ್ತಿದ್ದೆವು. ಆದರೆ ಅಲ್ಲಿಯ ನೆರೆಹೊರೆಯವರ ಸುದ್ದಿ ಬಂದಾಗ ಮಾತು ತಾನಾಗಿ ಒಡಿಯಾಕ್ಕೆ ತಿರುಗುತ್ತಿತ್ತು. ಮೂರು ವರ್ಷದ ಹಿಂದೆ ಅವ್ವನೂ ಹೋದಳು. ಅಷ್ಟರಲ್ಲಿ ನಾನು ವಿಮಾ ಕಚೇರಿಯ ನೌಕರಿಯಿಂದ ನಿವೃತ್ತಳಾಗಿದ್ದೆ. ಮದುವೆಯಾಗಿರಲಿಲ್ಲ. ಗೋಪನಕೊಪ್ಪದ ಮೇಲ್ಮಹಡಿಯ ಮನೆಯಲ್ಲಿ ದಿನಕ್ಕೆ ಎಷ್ಟು ಮಾತು ಬೇಕಾಗುತ್ತದೆ? ಹಾಲಿನವನಿಗೆ ಒಂದು, ಕಾಯಿಪಲ್ಲೆಯವಳಿಗೆ ಎರಡು. ಕೆಲವು ದಿನ ಸಂಜೆ ಫೋನು ಬಂದಾಗ ಗಂಟಲು ಕಟ್ಟಿದಂತಾಗಿ, ಬೆಳಿಗ್ಗೆಯಿಂದ ಬಾಯಿ ತೆರೆದೇ ಇಲ್ಲ ಎಂಬುದು ಆಗ ತಿಳಿಯುತ್ತಿತ್ತು.

ಕೆಳಗಿನ ಮನೆಯ ಸೊಸೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕಿ. ದಿಕ್ಕು ತಪ್ಪಿದ, ಓಡಿಬಂದ, ಯಾರೋ ಕರೆತಂದ ಮಕ್ಕಳ ಜೊತೆ ಕುಳಿತು ಮಾತಾಡುವುದು ಅವಳ ಕೆಲಸ. ಒಂದು ಮಧ್ಯಾಹ್ನ ಅವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ನಿಂತು, ನಿಮಗೆ ಒಡಿಯಾ ಬರುತ್ತದೆ ಎಂದು ನಮ್ಮ ಅತ್ತೆ ಹೇಳಿದರು, ಖರೇ ಏನು ಎಂದು ಕೇಳಿದಳು. ನಾನು ಹೂಂ ಎಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ರೈಲ್ವೆ ಪೊಲೀಸರಿಗೆ ನಿಲ್ದಾಣದಲ್ಲಿ ಒಂದು ಹುಡುಗಿ ಸಿಕ್ಕಿದ್ದಳು. ಪ್ಲಾಟ್‌ಫಾರ್ಮಿನ ಮೇಲೆ ಎರಡು ದೊಡ್ಡ ಚೀಲಗಳನ್ನು ಕಾಯುತ್ತ ಒಬ್ಬಳೇ ಕುಳಿತಿದ್ದಳಂತೆ. ಮೂಡಣ ದಿಕ್ಕಿನಿಂದ ಬಂದ ರೈಲಿನಿಂದ ಅವಳ ಜೊತೆ ಒಬ್ಬ ಗಂಡಸು ಇಳಿದಿದ್ದ. ಮಹಿಳಾ ಪೇದೆ ಹತ್ತಿರ ಬರುತ್ತಿದ್ದಂತೆ ನೀರು ತರುತ್ತೇನೆಂದು ಹೋದವನು ತಿರುಗಿ ಬಂದಿರಲಿಲ್ಲ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಬಾಲಕಿಯರ ಬಾಲಮಂದಿರದಲ್ಲಿ ಇಟ್ಟಿದ್ದರು. ಅವಳು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಹಿಂದಿಯಲ್ಲಿ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಮಿಠಾಯಿ ಅಂಗಡಿಯ ಬಂಗಾಳಿ ಅಡಿಗೆಯವನನ್ನು ಕರೆಸಿದ್ದರು, ಅವನಿಗೂ ತಿಳಿದಿರಲಿಲ್ಲ. ಮಗುವಿನ ಮಾತನ್ನು ಅದರ ಭಾಷೆಯಲ್ಲೇ ಕೇಳದೆ ಸಮಿತಿ ಏನನ್ನೂ ತೀರ್ಮಾನಿಸುವಂತಿರಲಿಲ್ಲ.

"ಒಂದೀಟು ಬಂದು ಕೇಳಿ ನೋಡ್ರಿ," ಎಂದಳು ಸೊಸೆ. "ಯಾವ ಭಾಷಿ ಅಂತ ಗೊತ್ತಾದ್ರ ಸಾಕ್ರಿ ನಮಗ."

ಬಾಲಮಂದಿರಕ್ಕೆ ನಾನು ಅದಕ್ಕೂ ಮೊದಲು ಹೋಗಿರಲಿಲ್ಲ. ಹಳೆಯ ಕಟ್ಟಡ, ಎತ್ತರದ ಗೋಡೆ, ಒಳಗೆ ಸಾಲಾಗಿ ಒಗೆದು ಹಾಕಿದ ಒಂದೇ ಬಣ್ಣದ ಚೂಡಿದಾರಗಳು. ಹುಡುಗಿಯರು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು. ಅವಳು ಮಾತ್ರ ವರಾಂಡದ ಕೊನೆಯ ಕಂಬಕ್ಕೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಗದ್ದವಿಟ್ಟು ಕುಳಿತಿದ್ದಳು. ಸಣಕಲು ಮೈ. ಮೂಗಿನಲ್ಲಿ ಹಿತ್ತಾಳೆಯ ನತ್ತು. ವಯಸ್ಸು ಹದಿಮೂರೋ ಹದಿನಾಲ್ಕೋ.

ದಾರಿಯುದ್ದಕ್ಕೂ ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ನಿನ್ನ ಹೆಸರೇನು, ಊರು ಯಾವುದು, ಹೆದರಬೇಡ. ಎದುರಿಗೆ ಕುಳಿತಾಗ ಅವು ಯಾವುವೂ ಬರಲಿಲ್ಲ. ಅಲ್ಲಿ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದ ಮಾತೇ ಬಾಯಿಗೆ ಬಂತು. "ಭಾತ್ ಖಾಯ್ಲು?" ಅನ್ನ ಉಂಡೆಯಾ?

ಅವಳು ತಲೆ ಎತ್ತಿದಳು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಇಲ್ಲಿ ರೊಟ್ಟಿ ಕೊಡುತ್ತಾರೆ, ಅನ್ನ ಒಂದೇ ಹೊತ್ತು ಎಂದಳು.

ನಾನು ನಕ್ಕೆ, ಅವಳು ನಗಲಿಲ್ಲ. ಆದರೆ ಮಾತು ಶುರುವಾಯಿತು. ಅವಳದು ಒಡಿಶಾದ ಪಶ್ಚಿಮ ಭಾಗದ ಮಾತು, ನಾನು ಕ್ವಾರ್ಟರ್ಸಿನ ಮಕ್ಕಳ ಜೊತೆ ಆಡುತ್ತ ಕಲಿತದ್ದೂ ಅದನ್ನೇ. ಶಾಲೆಯಲ್ಲಿ ಮೇಷ್ಟರು ಬೇರೆ ಒಡಿಯಾ ಹೇಳಿಕೊಡುತ್ತಿದ್ದರು. ಪುಸ್ತಕದ್ದು, ಕರಾವಳಿ ಕಡೆಯದು. ಬೀದಿಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ. ನನ್ನ ಕಷ್ಟ ಇನ್ನೊಂದಿತ್ತು. ನನ್ನ ಒಡಿಯಾ ಹದಿನಾರು ವರ್ಷಕ್ಕೆ ನಿಂತುಹೋಗಿತ್ತು. ಪೊಲೀಸು, ಸಮಿತಿ, ತನಿಖೆ, ಒಪ್ಪಿಗೆ ಇವಕ್ಕೆಲ್ಲ ನನ್ನಲ್ಲಿ ಶಬ್ದಗಳಿರಲಿಲ್ಲ. ಜಗಳ, ಆಟ, ಹುಣಸೆಹಣ್ಣು, ಮಳೆ, ಚುಡಾಯಿಸುವುದು ಇವಕ್ಕೆ ಬೇಕಾದಷ್ಟಿದ್ದವು. ಕೂದಲು ಬೆಳ್ಳಗಾದ ಹೆಂಗಸೊಬ್ಬಳು ಶಾಲೆಯ ಹುಡುಗಿಯಂತೆ ಮಾತಾಡುತ್ತಿರುವುದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ನೀನು ಎಲ್ಲಿಯವಳು ಎಂದು ಎರಡು ಮೂರು ಸಲ ಕೇಳಿದಳು. ನಾನು ಹುಟ್ಟಿದ ಊರಿನ ಹೆಸರು ಹೇಳಿದೆ. ಸುಳ್ಳು ಎಂದಳು.

ಅವತ್ತೇ ಅವಳಿಗೆ ಒಂದು ಮಾತು ಹೇಳಿದ್ದೆ. ಸೊಸೆಯೇ ಹೇಳಿಸಿದ್ದಳು. ನೀನು ಹೇಳುವುದನ್ನೆಲ್ಲ ನಾನು ಇಲ್ಲಿಯವರಿಗೆ ತಿಳಿಸಬೇಕು, ಅವರು ಹೇಳುವುದನ್ನು ನಿನಗೆ ತಿಳಿಸಬೇಕು, ನಡುವೆ ನನ್ನದು ಎಂಬುದು ಏನೂ ಇಲ್ಲ. ಅವಳು ಹೂಂಗುಟ್ಟಿದಳು. ಅರ್ಥವಾಗಿ ಹೂಂ ಎಂದಳೋ, ತನ್ನ ಭಾಷೆ ಕಿವಿಗೆ ಬಿದ್ದ ಸಂತೋಷಕ್ಕೆ ಹೂಂ ಎಂದಳೋ ಗೊತ್ತಿಲ್ಲ.

ಒಂದೆರಡು ದಿನ ಕಳೆದು ಆ ಗಂಡಸು ತಾನಾಗಿಯೇ ಬಂದ. ಸಮಿತಿ ಕೂಡುವ ಕೋಣೆಯ ಹೊರಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಕಟ್ಟಿ ನಿಂತಿದ್ದ. ಹಿಂದಿ ಚೆನ್ನಾಗಿ ಆಡುತ್ತಿದ್ದ. ತಾನು ಹುಡುಗಿಯ ಸೋದರಮಾವ, ನೀರು ತರಲು ಹೋದಾಗ ಜನಜಂಗುಳಿಯಲ್ಲಿ ತಪ್ಪಿಸಿಕೊಂಡೆ, ಅವಳಿಗೆ ಹದಿನೆಂಟು ತುಂಬಿದೆ, ಸಂಬಂಧಿಕರ ಮನೆಗೆ ಹೊರಟಿದ್ದೆವು, ಕಳಿಸಿಕೊಡಿ ಎಂದ. ಅವನನ್ನು ನೋಡಿದ ಕೂಡಲೇ ಹುಡುಗಿಯ ಮುಖ ಅರಳಿತು. ಅವಳು ಹಾಗೆ ಅರಳಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆಗ ನನಗೂ ಸಮಾಧಾನವಾಯಿತು. ಕಳೆದುಹೋದ ಮಗುವಿಗೆ ತನ್ನವರು ಸಿಕ್ಕರು, ಇನ್ನು ನಾನು ಮನೆಗೆ ಹೋಗಬಹುದು ಎಂದುಕೊಂಡೆ.

ಸಮಿತಿಯ ಅಧ್ಯಕ್ಷರು ನಡುವಯಸ್ಸಿನ ಹೆಂಗಸು. ಮೆಲುಮಾತು, ಗಡಿಬಿಡಿಯಿಲ್ಲ. ಗಂಡಸನ್ನು ಹೊರಗೆ ಕೂರಿಸಿ ಹುಡುಗಿಯನ್ನು ಮಾತ್ರ ಒಳಗೆ ಕರೆದರು. ನನಗೆ ಅವಳ ಪಕ್ಕದಲ್ಲಿ ಒಂದು ಕುರ್ಚಿ. ಊರಿನ ಬಗ್ಗೆ ಕೇಳಿದರು, ತಾಯಿಯ ಬಗ್ಗೆ ಕೇಳಿದರು. ಅವಳು ಹೇಳುತ್ತ ಹೋದಳು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಆಡುಮಾತಿಗೆ ಆಡುಮಾತೇ ಹತ್ತಿರವಾದ್ದರಿಂದ ಅವಳ ಮಾತು ನಮ್ಮ ಕಡೆಯ ಕನ್ನಡವಾಗಿಯೇ ನನ್ನ ಬಾಯಿಂದ ಬರುತ್ತಿತ್ತು. ನಮ್ಮವ್ವ ಇಟ್ಟಂಗಿ ಭಟ್ಟಿಗೆ ಹೋಗ್ತಾಳ್ರಿ, ಸುಗ್ಗಿ ಮುಗಿದ್ ಮ್ಯಾಲೆ ಊರಾಗ ಯಾರೂ ಇರಂಗಿಲ್ರಿ, ಸಾಲಿ ಬಿಟ್ಟು ಭಾಳ ದಿನ ಆತ್ರಿ. ಹೀಗೆ.

ಆಮೇಲೆ ಅಧ್ಯಕ್ಷರು, ಹೊರಗೆ ಕುಳಿತವರು ನಿನಗೆ ಏನಾಗಬೇಕು, ಅವರ ಜೊತೆ ಎಲ್ಲಿಗೆ ಹೊರಟಿದ್ದೆ ಎಂದು ಕೇಳಿಸಿದರು. ಹುಡುಗಿ ನೆಟ್ಟಗೆ ಕುಳಿತು ಉತ್ತರ ಕೊಟ್ಟಳು. ನಾನೂ ಹೇಳಿದೆ: "ಇವರು ನನ್ನ ತಾಯಿಯ ಸಹೋದರರು. ನನಗೆ ಹದಿನೆಂಟು ವರ್ಷ ಪೂರ್ಣಗೊಂಡಿದೆ. ನಾನು ಸ್ವಂತ ಇಚ್ಛೆಯಿಂದ ಇವರ ಜೊತೆಯಲ್ಲಿ ಪ್ರಯಾಣ ಮಾಡುತ್ತಿದ್ದೇನೆ."

ಅಧ್ಯಕ್ಷರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಇಷ್ಟೊತ್ತು ನಮ್ಮಂಗ ಮಾತಾಡಾಕತ್ತಿದ್ರಿ," ಎಂದರು. "ಈಗ ಯಾಕ ಪುಸ್ತಕ ಓದಿದಂಗ ಹೇಳಿದ್ರಿ?"

ನನಗೆ ಅದು ಗೊತ್ತೇ ಆಗಿರಲಿಲ್ಲ. ಹುಡುಗಿಯ ಉತ್ತರವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಸಿಕೊಂಡೆ. ಅದು ಅವಳ ಒಡಿಯಾ ಆಗಿರಲಿಲ್ಲ. ಶಾಲೆಯ ಮೇಷ್ಟರ ಒಡಿಯಾ. ಅದರಲ್ಲಿ ನಾನು ಎನ್ನುವುದಕ್ಕೆ ಬೇರೆ ಶಬ್ದವಿತ್ತು, ಹೋಗುತ್ತೇನೆ ಎನ್ನುವುದಕ್ಕೆ ಬೇರೆ ರೂಪವಿತ್ತು. ಮನೆಯಲ್ಲಿ ಹೋಗಾಕತ್ತೇನಿ ಎನ್ನುವ ನಮ್ಮ ಹಳ್ಳಿಯ ಹುಡುಗಿ ಇದ್ದಕ್ಕಿದ್ದಂತೆ ಪ್ರಯಾಣ ಮಾಡುತ್ತಿದ್ದೇನೆ ಎಂದರೆ ಹೇಗೋ ಹಾಗೆ. ನನ್ನ ನಾಲಿಗೆ ಅದನ್ನು ಗುರುತಿಸಿತ್ತು, ತಲೆಗೆ ಹೊಳೆದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಯಾರೋ ಕಲಿಸಿದ ಮಾತಿನಂತೆ ನನಗೆ ಅನಿಸುತ್ತದೆ ಅಷ್ಟೇ ಎಂದೂ ಹೇಳಿದೆ.

"ಸಾಬೀತು ಮಾಡೂದು ನಮ್ಮ ಕೆಲಸ," ಎಂದರು ಅಧ್ಯಕ್ಷರು. "ನಿಮಗ ಕೇಳಿಸಿದ್ದು ಹೇಳ್ರಿ, ಸಾಕು."

ಅವಸರ ಮಾಡದೆ ಅವರು ನಿಯಮ ಹಿಡಿದು ನಡೆದರು. ವಯಸ್ಸು ತಿಳಿಯಲು ವೈದ್ಯಕೀಯ ತಪಾಸಣೆಗೆ ಬರೆದರು. ಹುಡುಗಿಯ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ, ತಾಯಿಯನ್ನು ಕಂಡು ಮನೆಯ ಸ್ಥಿತಿ ತಿಳಿಸಬೇಕೆಂದು ಬರೆದರು. ಅಲ್ಲಿಂದ ಉತ್ತರ ಬರುವವರೆಗೆ ಮಗು ಬಾಲಮಂದಿರದಲ್ಲೇ ಇರುತ್ತದೆ ಎಂದು ಗಂಡಸಿಗೆ ತಿಳಿಸಿದರು. ಅವನು ಜಗಳ ಮಾಡಲಿಲ್ಲ. ಕೈಮುಗಿದು ಹೊರಟ. ಜಗಳ ಮಾಡಿದ್ದು ಹುಡುಗಿ. ಅವನ ಹಿಂದೆ ಓಡಹೋದಳು. ಪೇದೆ ಹಿಡಿದುಕೊಂಡಾಗ ನೆಲದ ಮೇಲೆ ಕುಳಿತುಬಿಟ್ಟಳು. ಸಮಿತಿಯ ತೀರ್ಮಾನವನ್ನು ಅವಳಿಗೆ ಅವಳ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ಹಾಗಾಗಿ ನಾನೂ ನೆಲದ ಮೇಲೆ ಕುಳಿತು, ನಿನ್ನನ್ನು ಕಳಿಸುವುದಿಲ್ಲ ಎಂಬ ಮಾತನ್ನು ನಾನೇ ಹೇಳಿದೆ. ಬೇಡ ಎಂದವರು ಬೇರೆಯವರು, ಅವಳ ಕಿವಿಗೆ ಬಿದ್ದದ್ದು ನನ್ನ ದನಿ.

ಅವತ್ತು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಮನೆಗೆ ಬಂದೆ. ಉಣ್ಣಲು ಮನಸ್ಸಾಗಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಸಮಿತಿಯ ಒಳಗೆ ನಡೆದದ್ದನ್ನು ಹೊರಗೆ ಹೇಳುವಂತಿಲ್ಲ. ಹೇಳಬಹುದಾಗಿದ್ದರೂ ಯಾರಿಗೆ ಹೇಳುತ್ತಿದ್ದೆ?

ಮುಂದಿನ ವಾರ ಬಾಲಮಂದಿರಕ್ಕೆ ಹೋದಾಗ ಅವಳು ಮುನಿದಿರುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳಿಗೆ ಬೇರೆ ಯಾರ ಜೊತೆ ಮಾತಾಡಲು ಸಾಧ್ಯವಿತ್ತು? ಗೇಟಿನವರೆಗೆ ಬಂದು ನನ್ನ ಕೈ ಹಿಡಿದು ವರಾಂಡದ ಕೊನೆಗೆ ಕರೆದುಕೊಂಡು ಹೋದಳು. ತಲೆಗೆ ಎಣ್ಣೆ ಹಚ್ಚು ಎಂದಳು. ನಾನು ಹಚ್ಚುತ್ತಿದ್ದಾಗ, ನನ್ನ ಕಡೆ ಬೆನ್ನು ಮಾಡಿ ಕುಳಿತೇ, ಎಲ್ಲವನ್ನೂ ಹೇಳಿದಳು.

ಅವಳಿಗೆ ಒಬ್ಬ ಅಕ್ಕ. ಅವರ ಕಡೆ ಅಕ್ಕನಿಗೆ ನಾನಿ ಎನ್ನುತ್ತಾರೆ. ಹಿಂದಿನ ವರ್ಷ ಇದೇ ಮಾಮ ನಾನಿಯನ್ನು ಸಮುದ್ರದ ಕಡೆ ಮೀನಿನ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ. ಮೊದಮೊದಲು ಫೋನು ಬರುತ್ತಿತ್ತು. ಕೈ ಸದಾ ತಣ್ಣಗಿರುತ್ತದೆ, ಐಸಿನಲ್ಲಿ ಬೆರಳು ಮರಗಟ್ಟುತ್ತವೆ ಎಂದು ಹೇಳುತ್ತಿದ್ದಳಂತೆ. ಆಮೇಲೆ ಫೋನು ನಿಂತಿತು. ಮಾಮ ಈ ವರ್ಷ ಮತ್ತೆ ಊರಿಗೆ ಬಂದಾಗ, ನನ್ನನ್ನೂ ಕರೆದುಕೊಂಡು ಹೋಗು ಎಂದು ಇವಳೇ ದುಂಬಾಲು ಬಿದ್ದಿದ್ದಳು. ತಾಯಿ ಭಟ್ಟಿಯಲ್ಲಿದ್ದಳು, ಅವಳಿಗೆ ಹೇಳಿಯೂ ಇರಲಿಲ್ಲ. ಕೇಳಿದರೆ ಏನು ಹೇಳಬೇಕೆಂದು ಮಾಮ ರೈಲಿನಲ್ಲಿ ಕಲಿಸಿದ್ದ. ಬಾಯಿಪಾಠ ಆಗುವವರೆಗೆ ಹೇಳಿಸಿದ್ದ.

ಇಷ್ಟು ಹೇಳಿ ಅವಳು ನನ್ನ ಕಡೆ ತಿರುಗಿದಳು. ಯಾರಿಗೂ ಹೇಳಬೇಡ ಎಂದಳು. ಅವಳ ಮುಂದಿನ ಮಾತನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಂವನ್ನ ಹಿಡದ್ರ, ನಾನಿ ಎಲ್ಲೆ ಅದಾಳ ಅಂತ ನನಗ ಯಾರು ತೋರಸ್ತಾರ?"

ನಾನು ಮೊದಲ ದಿನ ಹೇಳಿದ್ದನ್ನು ನೆನಪಿಸಿದೆ. ಇದನ್ನು ನಾನು ಹೇಳಲೇಬೇಕು, ಹೇಳಿದರೆ ನಾನಿಯನ್ನು ಹುಡುಕುವವರು ಇದ್ದಾರೆ, ನೀನು ಒಬ್ಬಳೇ ಹುಡುಕಲಾರೆ ಎಂದೆ. ಆ ಮಾತುಗಳಿಗೆ ನನ್ನ ಹದಿನಾರು ವರ್ಷದ ಒಡಿಯಾ ಸಾಲಲಿಲ್ಲ. ಸರಕಾರ ಎನ್ನುವುದಕ್ಕೆ ದೊಡ್ಡವರು ಎಂದೆ, ತನಿಖೆ ಎನ್ನುವುದಕ್ಕೆ ಹುಡುಕಾಟ ಎಂದೆ. ಅವಳು ಕೇಳಿಸಿಕೊಂಡಳು. ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

"ಹಂಗಾರ ನಾ ನಿನ್ನ ಕೂಡ ಮಾತಾಡಿದ್ದಲ್ಲ," ಎಂದಳು. "ಅವರ ಕೂಡ ಮಾತಾಡಿದಂಗಾತು."

ನಾನು ಅಲ್ಲಿಂದ ಎದ್ದು ಸೊಸೆಯ ಬಳಿಗೆ ಹೋದೆ, ಎಲ್ಲವನ್ನೂ ಹೇಳಿದೆ. ಇವತ್ತು ಅದೇ ಸಂದರ್ಭ ಬಂದರೂ ಹಾಗೆಯೇ ಮಾಡುತ್ತೇನೆ. ಆದರೆ ಆ ವರಾಂಡ ದಾಟಿ ಬಾಗಿಲವರೆಗೆ ಹೋಗುವಾಗ ಬೆನ್ನ ಮೇಲೆ ಅವಳ ನೋಟವಿತ್ತು, ನಾನು ತಿರುಗಿ ನೋಡಲಿಲ್ಲ.

ಆಮೇಲಿನ ಕೆಲಸವೆಲ್ಲ ಪೊಲೀಸರದು. ಮಾನವ ಕಳ್ಳಸಾಗಣೆ ತಡೆಯಲೆಂದೇ ಇರುವ ತಂಡದವರು ಆ ಗಂಡಸನ್ನು ಗಬ್ಬೂರ ಬೈಪಾಸಿನ ಹತ್ತಿರ, ಲಾರಿಯವರು ಇಳಿದುಕೊಳ್ಳುವ ವಸತಿಗೃಹವೊಂದರಲ್ಲಿ ಹಿಡಿದರು. ಅವನ ಜೊತೆ ಬೇರೆ ಊರಿನ ಇನ್ನೂ ಕೆಲವು ಹುಡುಗಿಯರಿದ್ದರು, ಮುಂದಕ್ಕೆ ಹೋಗಲು ಗಾಡಿ ಕಾಯುತ್ತಿದ್ದರು. ಅವನು ನಿಜವಾಗಿಯೂ ಅವಳ ಮಾಮನೇ ಎಂದು ಆಮೇಲೆ ತಿಳಿಯಿತು. ತಾಯಿಯ ಚಿಕ್ಕಪ್ಪನ ಮಗ. ಅವನು ಕಲಿಸಿದ ಮಾತಿನಲ್ಲಿ ಅಷ್ಟು ಖರೇ ಇತ್ತು. ಮಾಮ ಅಲ್ಲದವನಾಗಿದ್ದರೆ ಚಲೋ ಇತ್ತು ಎಂದು ನನಗೆ ಯಾಕೋ ಅನಿಸಿತು.

ನಾನಿಯ ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಅವನು ಒಂದು ಸಲ ಒಂದು ಊರು ಹೇಳಿದರೆ ಇನ್ನೊಂದು ಸಲ ಇನ್ನೊಂದು ಊರು ಹೇಳುತ್ತಿದ್ದನಂತೆ. ಈ ರಾಜ್ಯದವರು ಆ ರಾಜ್ಯದವರಿಗೆ ಬರೆಯಬೇಕು, ಅವರು ಹೋಗಿ ನೋಡಬೇಕು. ವಯಸ್ಸು ಹದಿನಾಲ್ಕರ ಆಸುಪಾಸು ಎಂದು ವೈದ್ಯರು ಬರೆದುಕೊಟ್ಟಿದ್ದರು, ಅಷ್ಟು ದಿನ ಹುಡುಗಿ ಬಾಲಮಂದಿರದಲ್ಲೇ ಉಳಿದಳು.

ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅದೂ ಬೇರೆಯವರು ನನ್ನ ಮೂಲಕ ಕೇಳಿಸಿದ್ದಕ್ಕೆ. ನಾನಾಗಿ ಏನಾದರೂ ಅಂದರೆ ಗೋಡೆ ನೋಡುತ್ತಿದ್ದಳು. ನಾನು ಒಂದು ಗಂಟೆ ಕುಳಿತಿದ್ದು ಬರುತ್ತಿದ್ದೆ. ಒಮ್ಮೆ ಮನೆಯಲ್ಲಿ ಅಕ್ಕಿ ರುಬ್ಬಿ, ಅಲ್ಲಿ ಹಬ್ಬಕ್ಕೆ ಮಾಡುವ ಸಿಹಿ ಪೀಠಾ ಮಾಡಿಕೊಂಡು ಹೋದೆ. ಅವ್ವ ಮಾಡುತ್ತಿದ್ದಳು, ನಾನು ಮಾಡಿದ್ದು ಅದೇ ಮೊದಲು. ಅವಳು ಮುಟ್ಟಲಿಲ್ಲ. ಉಳಿದ ಹುಡುಗಿಯರು ಸುತ್ತ ಕುಳಿತು ತಿಂದರು. ಇದೇನ್ರಿ ಬಾಯಿ, ನಮ್ಮ ಕಡಬಿನಂಗ ಐತಿ ಎಂದರು. ಟೀಚರಿಗೆ ಅನ್ನುವ ಹಾಗೆ ಅವರೆಲ್ಲ ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದರು.

ಆ ಹುಡುಗಿಯರ ನಡುವೆ ಅವಳು ಬದಲಾಗುತ್ತಿದ್ದಳು. ಕುಂಟಾಬಿಲ್ಲೆ ಆಡುವಾಗ, ನೀರಿಗೆ ಸಾಲು ನಿಂತಾಗ ಒಂದೊಂದೇ ಶಬ್ದ ಹೆಕ್ಕಿಕೊಳ್ಳುತ್ತಿದ್ದಳು. ನಂದು, ನಿಂದು, ಸರಿ ಅತ್ಲಾಗ, ಲಗೂ ಬಾ. ಮೊದಲು ಜಗಳಕ್ಕೆ ಬೇಕಾದದ್ದನ್ನು ಕಲಿತಳು. ಬಾಲಮಂದಿರದೊಳಗೇ ನಡೆಯುವ ಪಾಠಕ್ಕೆ ಕುಳಿತು ಅಕ್ಷರವನ್ನೂ ತಿದ್ದಿದಳು. ಒಂದು ದಿನ ನಾನು ಗೇಟಿನಲ್ಲಿ ನಿಂತಿದ್ದಾಗ ಒಳಗಿನಿಂದ ಯಾರೋ ಹುಡುಗಿ ಹುಬ್ಬಳ್ಳಿಯವಳಂತೆ ರಾಗ ಎಳೆದು, "ಏ, ನಾ ಮೊದಲ ಬಂದೇನಿ, ನೀ ಹಿಂದ ನಿಂದ್ರ," ಎಂದು ಗದರುವುದು ಕೇಳಿಸಿತು. ನೋಡಿದರೆ ಅವಳು. ನನ್ನನ್ನು ಕಂಡು ಬಾಯಿ ಮುಚ್ಚಿದಳು.

ಚಳಿಗಾಲದ ಹೊತ್ತಿಗೆ ನಾನಿ ಸಿಕ್ಕಳು. ಪಕ್ಕದ ರಾಜ್ಯದ ಕರಾವಳಿಯಲ್ಲಿ, ಸೀಗಡಿ ಮೀನು ಸುಲಿಯುವ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಲವಾರು ಹುಡುಗಿಯರನ್ನು ಇಟ್ಟಿದ್ದರು. ಹೊರಗೆ ಬಿಡುತ್ತಿರಲಿಲ್ಲ, ಫೋನು ಕಸಿದುಕೊಂಡಿದ್ದರು. ಅಲ್ಲಿಯ ಸಮಿತಿಯವರು ಅವರನ್ನೆಲ್ಲ ಬಿಡಿಸಿ, ಒಡಿಶಾದ ಅಧಿಕಾರಿಗಳು ಬಂದ ಮೇಲೆ ನೇರವಾಗಿ ಊರಿಗೆ ಕಳಿಸಿದರು. ಸುದ್ದಿ ನಮಗೆ ತಲುಪುವಷ್ಟರಲ್ಲಿ ನಾನಿ ತಾಯಿಯ ಬಳಿ ಇದ್ದಳು.

ಈ ಸುದ್ದಿಯನ್ನು ಹೇಳಲು ನಾನು ಓಡೋಡಿ ಹೋಗಿದ್ದೆ. ಹುಡುಗಿ ಕೂಗುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ. ಅವಳು ಸುಮ್ಮನೆ ಕೇಳಿದಳು. ನಾನಿ ಹೋದ ರೈಲು ಈ ಊರಿನ ಮೇಲೆ ಹೋಗಿತ್ತಾ ಎಂದು ವಿಚಾರಿಸಿದಳು. ಯಾವ ದಾರಿಯೋ ನನಗೆ ಗೊತ್ತಿಲ್ಲ ಎಂದೆ. ಹೋಗಿದ್ದರೆ ನನ್ನನ್ನು ಇಲ್ಲೇ ಬಿಟ್ಟು ಹೋದಳು ಎಂದು ಹೇಳಿ ಎದ್ದು ಒಳಗೆ ಹೋದಳು. ಅವಳು ಯಾರನ್ನು ಹುಡುಕಿಕೊಂಡು ಮನೆ ಬಿಟ್ಟಿದ್ದಳೋ ಅವಳು ಮನೆ ಸೇರಿದ್ದಳು, ಇವಳು ಹುಬ್ಬಳ್ಳಿಯಲ್ಲಿ ಉಳಿದಿದ್ದಳು.

ಊರಿಗೆ ಕಳಿಸುವ ಮೊದಲು ಸಮಿತಿ ಅವಳನ್ನು ಕೊನೆಯ ಬಾರಿ ಕರೆಯಿತು. ತಾಯಿಯ ಮನೆಯ ವರದಿ ಬಂದಿತ್ತು. ಅದೇ ಕೋಣೆ, ಅದೇ ಕುರ್ಚಿಗಳು. ಅಧ್ಯಕ್ಷರು ನನ್ನ ಕಡೆ ತಿರುಗಿ, ಊರಿಗೆ ಹೋಗಲು ಮನಸ್ಸಿದೆಯೇ ಕೇಳಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ನನ್ನ ಮೊಣಕೈ ಮೇಲೆ ಕೈಯಿಟ್ಟಳು.

"ನೀವು ಸುಮ್ನ ಕುಂದರ್ರಿ," ಎಂದಳು ಕನ್ನಡದಲ್ಲಿ. "ನಾನ ಹೇಳ್ತೇನಿ."

ಆಮೇಲೆ ಅವರ ಕಡೆ ತಿರುಗಿದಳು. ತಡೆದು ತಡೆದು, ಆದರೆ ಯಾರ ಸಹಾಯವೂ ಇಲ್ಲದೆ ಹೇಳಿದಳು. "ಊರಿಗೆ ಕಳಸ್ರಿ. ಅವ್ವ ಭಟ್ಟಿಗೆ ಹೋದ್ರ ಮನ್ಯಾಗ ನಾನೂ ನಾನಿನೂ ಇಬ್ಬರ ಇರಂಗಿಲ್ರಿ. ಸಾಲಿ ಐತಿ, ಸಾಲ್ಯಾಗ ಮಲಗಾಕ ಜಾಗಾ ಐತಿ. ಅಲ್ಲೆ ಇಡ್ರಿ. ಮಾಮ ಮತ್ತ ಬಂದ್ರ ನಾ ಹೋಗಂಗಿಲ್ಲ. ಅದನ್ನೂ ಬರಕೋರಿ."

ಅಧ್ಯಕ್ಷರು ಬರೆದುಕೊಂಡರು. ತಲೆ ಎತ್ತದೆ, ನಿಧಾನವಾಗಿ, ಅವಳು ಹೇಳಿದಷ್ಟನ್ನೂ ಬರೆದರು. ಅವಳಿಗೆ ಅಲ್ಲಿಯ ವಸತಿ ಶಾಲೆಯಲ್ಲಿ ಜಾಗ ಕೊಡಿಸಬೇಕು, ಆಗಾಗ ಹೋಗಿ ನೋಡಿ ವರದಿ ಕಳಿಸಬೇಕು ಎಂದು ಆ ಜಿಲ್ಲೆಗೆ ತಿಳಿಸುವುದಾಗಿ ಹೇಳಿದರು. ನಾನು ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ನನಗೆ ಹೆಮ್ಮೆಯಾಗಬೇಕಿತ್ತು. ಆಯಿತು ಕೂಡ. ಅದರ ಜೊತೆಗೆ, ಹುಬ್ಬಳ್ಳಿಯಲ್ಲಿ ಒಡಿಯಾ ಆಡಲು ಇದ್ದ ಒಬ್ಬಳಿಗೂ ಇನ್ನು ನನ್ನ ಒಡಿಯಾ ಬೇಡ ಎಂಬುದೂ ತಿಳಿಯಿತು. ಸೊಸೆ ಅದನ್ನು ಗಮನಿಸಿರಬೇಕು. ಹೊರಗೆ ಬಂದ ಮೇಲೆ ಚಹಾ ಕುಡಿಯೋಣ ಬರ್ರಿ ಎಂದಳು. ತಲೆನೋವು ಎಂದು ಹೇಳಿ ಬಸ್ಸು ಹತ್ತಿದೆ.

ಅವಳನ್ನು ಕರೆದೊಯ್ದದ್ದು ಮಧ್ಯಾಹ್ನದ ರೈಲಿನಲ್ಲಿ. ಒಬ್ಬ ಮಹಿಳಾ ಪೇದೆ, ಜೊತೆಗೆ ಸೊಸೆ. ನಾನೂ ನಿಲ್ದಾಣಕ್ಕೆ ಹೋಗಿದ್ದೆ. ಬಾಲಮಂದಿರದ ಹುಡುಗಿಯರು ಕೊಟ್ಟ ಬಳೆ, ರಿಬ್ಬನ್ನುಗಳನ್ನೆಲ್ಲ ಒಂದೇ ಸಲ ತೊಟ್ಟುಕೊಂಡಿದ್ದಳು. ಕಿಟಕಿಯ ಪಕ್ಕ ಕುಳಿತು ಪ್ಲಾಟ್‌ಫಾರ್ಮನ್ನು ನೋಡುತ್ತಿದ್ದಳು, ನನ್ನನ್ನಲ್ಲ. ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಅವಳ ಕೈಗಿಟ್ಟು, ಒಡಿಯಾದಲ್ಲಿ, ಹುಷಾರಾಗಿ ಹೋಗಿ ಬಾ ಎಂದೆ. ಹೋಗಿ ಬಾ ಎಂದದ್ದು ತಪ್ಪೇನೋ ಎನಿಸಿತು, ಅವಳು ತಿರುಗಿ ಬರುವ ಊರಲ್ಲ ಇದು. ಅವಳು ತಲೆಯಾಡಿಸಿದಳು. ರೈಲು ಹೊರಟಾಗ ಕೈ ಬೀಸಲಿಲ್ಲ, ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು. ಜನ ಚದುರಿದ ಮೇಲೆ ಅಲ್ಲಿಯ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಮಕ್ಕಳ ಸಹಾಯವಾಣಿಯ ಮೇಜಿನ ಹಿಂದಿದ್ದ ಹುಡುಗಿ ಬಂದು, ಯಾರಿಗಾದರೂ ಕಾಯುತ್ತಿದ್ದೀರಾ ಎಂದು ವಿಚಾರಿಸಿದಳು. ಇಲ್ಲ ಎಂದೆ.

ಸೊಸೆ ಹಿಂತಿರುಗಿ ಬಂದು ಹೇಳಿದ್ದು: ತಾಯಿ ಹೊಲದ ಬದುವಿನವರೆಗೆ ಓಡಿಬಂದಳು. ನಾನಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು, ಅಷ್ಟೇ.

ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಆ ಕಡೆ ಗಾಳಿಯ ಸದ್ದು, ಮೇಕೆಗಳ ಸದ್ದು. "ಬಾಯಿ, ನಾನ್ರಿ," ಎಂದಿತು ಒಂದು ದನಿ.

ನಾನು ಒಡಿಯಾದಲ್ಲಿ ಹೇಗಿದ್ದೀ ಎಂದೆ. ಅವಳು ಕನ್ನಡದಲ್ಲೇ ಮುಂದುವರಿಸಿದಳು. "ನಾನಿ ಬಾಜೂಕ ಕುಂತಾಳ್ರಿ. ಅಕಿಗೆ ತಿಳೀಬಾರ್ದು ಅಂತ ಹಿಂಗ ಮಾತಾಡಾಕತ್ತೇನಿ. ನಾನಿ ಯಾರ ಕೂಡಾನೂ ಮಾತಾಡವಲ್ಲಳ್ರಿ. ದಿನಾ ಕೈ ನೋಡಕೋತ ಕುಂದರ್ತಾಳ. ಅವ್ವ ಭಟ್ಟಿಗೆ ಹೋಗ್ಯಾಳ. ನನಗ ಸಾಲಿಗೆ ಬಾ ಅಂತ ಹೇಳಿಕಳಿಸ್ಯಾರ. ಅಕಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗಲಿ ಹೇಳ್ರಿ."

ಇದನ್ನು ನಾನು ಹೇಳಬೇಕಾದವರಿಗೆ ಹೇಳಲೇ ಎಂದು ಕೇಳಿದೆ.

"ಹೇಳ್ರಿ," ಎಂದಳು. "ಅದಕ್ಕ ಫೋನ್ ಹಚ್ಚೇನಿ."

ಆಗಲೇ ಕೆಳಗೆ ಇಳಿದು ಹೋಗಿ ಸೊಸೆಗೆ ಹೇಳಿದೆ. ಅವಳು ಮರುದಿನ ಆ ಜಿಲ್ಲೆಯ ಘಟಕಕ್ಕೆ ಫೋನು ಮಾಡಿದಳು, ಪತ್ರ ಬರೆದಳು, ಮತ್ತೆ ಫೋನು ಮಾಡಿದಳು. ಅಲ್ಲಿಯ ಕಾರ್ಯಕರ್ತೆಯೊಬ್ಬರು ಮನೆಗೆ ಹೋದರು. ನಾನಿಯನ್ನು ಜಿಲ್ಲಾ ಕೇಂದ್ರದ ವೈದ್ಯರಿಗೆ ತೋರಿಸುತ್ತಿದ್ದಾರೆ, ಅವಳು ಈಗ ಹೆಂಗಸರ ಒಂದು ತರಬೇತಿ ಕೇಂದ್ರದಲ್ಲಿ ಇದ್ದಾಳೆ, ಒಂದೊಂದು ಮಾತು ಆಡುತ್ತಾಳೆ. ತಂಗಿ ವಸತಿ ಶಾಲೆ ಸೇರಿದ್ದಾಳೆ. ಮಾಮ ಜಾಮೀನಿನ ಮೇಲೆ ಹೊರಗಿದ್ದಾನೆ, ಪ್ರಕರಣ ಇನ್ನೂ ನಡೆಯುತ್ತಿದೆ.

ಆ ನಂಬರಿಗೆ ನಾನು ಎರಡು ಸಲ ಫೋನು ಮಾಡಿದೆ. ಯಾರೋ ಗಂಡಸು ಎತ್ತಿ, ಇದು ಅಂಗಡಿಯ ಫೋನು ಎಂದ. ಮೊನ್ನೆ ಸೊಸೆ ಆ ಘಟಕದವರ ಜೊತೆ ಮಾತಾಡುವುದಿದೆ, ಹುಡುಗಿಗೆ ಏನಾದರೂ ಹೇಳಿ ಕಳಿಸಬೇಕೇ ಎಂದು ಕೇಳಿದಳು. ಬಹಳ ಯೋಚಿಸಿದೆ. ಯಾವ ಭಾಷೆಯಲ್ಲಿ ಹೇಳಲಿ ಎಂಬುದೇ ಮೊದಲು ಬಗೆಹರಿಯಲಿಲ್ಲ. ಮನಸ್ಸಾದಾಗ ಫೋನು ಮಾಡಲಿ, ನಾನು ಮನೆಯಲ್ಲೇ ಇರುತ್ತೇನೆ ಎಂದು ಹೇಳು ಎಂದೆ. ಹುಡುಗಿ ಇನ್ನೂ ಫೋನು ಮಾಡಿಲ್ಲ.